ಇಂಗ್ಲಿಷ್ ಕ್ರಿಯಾಪದದಿಂದ ನಾಮಪದ: ಪ್ರತ್ಯಯ ನೋಡಿ ಅರ್ಥ ಹಿಡಿಯುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತು ಮುಂದೆ ಇಂಗ್ಲಿಷ್ ಪುಸ್ತಕಗಳನ್ನು ಎದುರಿಸುವ ಮಕ್ಕಳು ರೆಫರೆನ್ಸ್, ರೆಫರಲ್, ರೆಫರೀ ಎಂಬವನ್ನು ಮೂರು ಸಂಬಂಧವಿಲ್ಲದ ಪದಗಳೆಂದು ಉರುಹೊಡೆಯುವುದನ್ನು ಕಂಡಿದ್ದೇನೆ. ಅಷ್ಟು ಶ್ರಮ ಬೇಕಿಲ್ಲ. ‘ಓಡು’ ಧಾತುವಿನಿಂದ ‘ಓಟ’, ‘ನಂಬು’ವಿನಿಂದ ‘ನಂಬಿಕೆ’, ‘ಕೇಳು’ವಿನಿಂದ ‘ಕೇಳುಗ’ ಆಗುವುದನ್ನು ಅವರು ಕೃದಂತದ ಪಾಠದಲ್ಲಿ ಆಗಲೇ ಕಲಿತಿದ್ದಾರೆ. ಪೇಟೆಯ ಮಲಯಾಳದಲ್ಲಿ ‘ಓಟ್ಟಂ’ ಎಂಬುದನ್ನೂ ಕೇಳಿರುತ್ತಾರೆ. ಇಂಗ್ಲಿಷಿನಲ್ಲಿ ನಡೆಯುವುದೂ ಇಂಥದೇ ಕೆಲಸ.

ಮೊದಲು ಪದದೊಳಗಿನ ಕ್ರಿಯಾಪದವನ್ನು ಬಿಡಿಸಿಕೊಳ್ಳಿ. ಬಳಿಕ, ಉಳಿದ ಪ್ರತ್ಯಯವು ಮಾಡುವವನನ್ನು ಹೇಳುತ್ತದೆಯೋ, ಮಾಡಿಸಿಕೊಳ್ಳುವವನನ್ನೋ, ಕೆಲಸವನ್ನೋ, ಅದರ ಫಲವನ್ನೋ ಎಂದು ಕೇಳಿಕೊಳ್ಳಿ. ‘ಪೇ’ ಎಂದರೆ ಹಣ ಕೊಡು. ‘ಪೇಯರ್’ ಕೊಡುವವನು, ‘ಪೇಯೀ’ ಪಡೆಯುವವನು, ‘ಪೇಮೆಂಟ್’ ಕೊಡುವ ಕ್ರಿಯೆ, ಕೊಟ್ಟ ಮೊತ್ತವೂ ಹೌದು. ಚೆಕ್ಕಿನಲ್ಲಿ ನಾವು ಬರೆಯುವುದು ಪೇಯೀಯ ಹೆಸರನ್ನು. ಅಂಗಡಿಕೋಣೆಯ ಬಾಡಿಗೆ ಕರಾರಿನಲ್ಲಿ ‘ಲೆಸರ್’ ಎಂದರೆ ಕೋಣೆಯ ಒಡೆಯ, ‘ಲೆಸೀ’ ಎಂದರೆ ಬಾಡಿಗೆಗೆ ಹಿಡಿದವನು. ಇದು ತಿಳಿಯದೆ ಸಹಿ ಹಾಕಬಾರದು. ಈ ‘ಈ’ ಪ್ರತ್ಯಯ ಫ್ರೆಂಚಿನಿಂದ ಕಾನೂನಿನ ಭಾಷೆಯ ಮೂಲಕ ಬಂದದ್ದು, ಆದ್ದರಿಂದಲೇ ದಸ್ತಾವೇಜುಗಳಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಒಂದೇ ಕ್ರಿಯಾಪದಕ್ಕೆ ಹಲವು ಪ್ರತ್ಯಯಗಳು ಹತ್ತಿದಾಗ ಹೆಚ್ಚು ಎಚ್ಚರ ಬೇಕು. ‘ರೆಫರ್’ ಎಂದರೆ ಒಂದೆಡೆಗೆ ಒಪ್ಪಿಸು, ಬೊಟ್ಟುಮಾಡು. ಇಲ್ಲಿಯ ಡಾಕ್ಟರು ರೋಗಿಯನ್ನು ಮಂಗಳೂರಿಗೆ ಕಳುಹಿಸುವಾಗ ಬರೆದುಕೊಡುವುದು ರೆಫರಲ್ ಪತ್ರ. ಬರಹಗಾರ ಆಧಾರವಾಗಿ ತೋರಿಸುವುದು ರೆಫರೆನ್ಸ್. ಉದ್ಯೋಗದ ಅರ್ಜಿಯಲ್ಲಿ ‘ರೆಫರೀ’ ಎಂಬ ಕಲಮನ್ನು ಕಂಡ ನನ್ನ ವಿದ್ಯಾರ್ಥಿಯೊಬ್ಬ, ಫುಟ್‌ಬಾಲಿಗೂ ಈ ಕೆಲಸಕ್ಕೂ ಏನು ಸಂಬಂಧ ಎಂದು ಕೇಳಿದ್ದ. ಸಂಬಂಧ ಪ್ರತ್ಯಯದಲ್ಲಿಯೇ ಇದೆ: ಅರ್ಜಿದಾರನ ಕುರಿತು ಯಾರಲ್ಲಿ ವಿಚಾರಿಸಬೇಕೋ ಅವರು ಅರ್ಜಿಯ ರೆಫರೀ, ತಕರಾರನ್ನು ಯಾರಿಗೆ ಒಪ್ಪಿಸುತ್ತಾರೋ ಅವರು ಆಟದ ರೆಫರೀ.

‘ಮೆಂಟ್’ ಹತ್ತಿದರೆ ಕ್ರಿಯಾಪದ ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ (ಅಗ್ರೀ, ಅಗ್ರೀಮೆಂಟ್). ‘ಶನ್’ ಹತ್ತಿದರೆ ಅನೇಕ ವೇಳೆ ರೂಪ ಬದಲಾಗುತ್ತದೆ (ರಿಸೀವ್, ರಿಸೆಪ್ಶನ್). ಯಾವುದಕ್ಕೆ ಯಾವುದು ಎಂಬುದನ್ನು ನಿಘಂಟಿನಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ‘ಅರೈವ್’ಗೆ ‘ಅರೈವಲ್’ ಎಂಬ ರೂಢಿ ಯಾವ ಸೂತ್ರಕ್ಕೂ ಸಿಗುವುದಿಲ್ಲ.

‘ಇಂಗ್’ ಪ್ರತ್ಯಯದಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟವೆಂದು ನನಗನಿಸುತ್ತದೆ. ‘ಬಿಲ್ಡಿಂಗ್’ ಎಂಬ ಒಂದೇ ಪದ ಕಟ್ಟುವಿಕೆಯನ್ನೂ ಕಟ್ಟಡವನ್ನೂ ಹೇಳುತ್ತದೆ. ವಾಕ್ಯ ಓದಿಯೇ ನಿರ್ಧರಿಸಬೇಕು. ‘ಅರ್’ ಇದ್ದಲ್ಲೆಲ್ಲ ಮನುಷ್ಯನನ್ನು ಹುಡುಕಲೂಬಾರದು: ಅಡುಗೆ ಮಾಡುವವನು ‘ಕುಕ್’, ಅನ್ನ ಬೇಯುವ ಪಾತ್ರೆಯೇ ‘ಕುಕ್ಕರ್’.