ಮೊಳಕೆ ರಾಗಿ ಉಂಡೆ ಹುಳಿ ಬರುತ್ತಿದ್ದದ್ದು ನಿಂತಿದ್ದು ಹೀಗೆ

ಕಟ್ಟಿದ ಮೂರನೇ ದಿನಕ್ಕೆ ಹುಳಿ ವಾಸನೆ, ಮುರಿದರೆ ಒಳಗೆ ಹಸಿಹಸಿ. ನಾಲ್ಕು ಸಲ ಇದೇ ಕಥೆ. ಹಾಲು ಹಾಕೋದು ಬಿಟ್ಟೆ, ಪಾಕ ಗಟ್ಟಿ ಮಾಡಿದೆ (ಉಂಡೆ ಗೋಲಿಯಾಯ್ತು, ವಾಸನೆ ಹಾಗೇ), ಫ್ರಿಜ್ಜಿನಲ್ಲಿಟ್ಟೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ಎಡವಿದ್ದು ಒಣಗಿಸುವಲ್ಲಿ. ಮೇಲೆ ಗರಿಗರಿ ಕಂಡರೂ ಕಾಳಿನೊಳಗೆ ನೀರಿರುತ್ತೆ. ರಾಗಿ 10 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಮೊಳಕೆ ಕಾಳಿನಷ್ಟು ಉದ್ದ ಬಂದರೆ ಸಾಕು. ಹಳೇ ಪಂಚೆ ಮೇಲೆ ತೆಳ್ಳಗೆ ಹರವಿ 2 ದಿನ ಬಿಸಿಲು, ರಾತ್ರಿ ಫ್ಯಾನ್ ಕೆಳಗೆ. ನಾಲ್ಕು ಕಾಳು ಕಚ್ಚಿ ನೋಡಿ: ಕಟಕ್ ಅನ್ನಬೇಕು. ಹಲ್ಲಿಗೆ ಮೆತ್ತಿಕೊಂಡರೆ ಇನ್ನೊಂದು ದಿನ. ಆಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಉದುರಿದ ಬೇರು ತೆಗೆಯಿರಿ. ಅದು ಉಳಿದರೆ ಸಣ್ಣ ಕಹಿ. ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಪೂರ್ತಿ ಆರಿಸಿ ಹಿಟ್ಟು ಮಾಡಿಸಿ.

2 ಕಪ್ ಹಿಟ್ಟನ್ನು ಅರ್ಧ ಕಪ್ ತುಪ್ಪದಲ್ಲಿ ಮತ್ತೆ 8 ನಿಮಿಷ ಹುರಿದು ಇಳಿಸಿ. 1 ಕಪ್ ಬೆಲ್ಲದ ಪುಡಿ, ಅರ್ಧ ಕಪ್ ಹುರಿದ ಶೇಂಗಾ ಪುಡಿ, ಏಲಕ್ಕಿ. ಒಂದು ಹನಿ ನೀರೂ ಬೇಡ. ಬೆಚ್ಚಗಿರುವಾಗಲೇ ಕಟ್ಟಿ. ಹೋದ ಸಲದ್ದು 15 ದಿನ ಡಬ್ಬಿಯಲ್ಲೇ ಚೆನ್ನಾಗಿತ್ತು.