ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ ಕೆಟ್ಟಿದ್ದು ಗೊತ್ತಾಗಿದ್ದು ಹೀಗೆ

ಡೀಸೆಲ್ ಕಾರಿನ ಇಂಜಿನ್ ಲೈಟ್ ಹತ್ತಿಕೊಂಡಿತು, ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಮಸಿ ಸುಡುವುದೇ ನಿಂತಿತು. ಸ್ಕ್ಯಾನರ್ ಹಾಕಿದರೆ ಪಿ0546, ಅಂದರೆ ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರಿನ ಸಿಗ್ನಲ್ ಮಿತಿಗಿಂತ ಹೆಚ್ಚು ಎಂಬ ದೋಷದ ಕೋಡ್. ಕೋಡ್ ನೋಡಿದ ತಕ್ಷಣ ಸೆನ್ಸರ್ ತರಿಸಬೇಡಿ, ವೈರ್ ತುಂಡಾದರೂ ಇದೇ ಬರುತ್ತದೆ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡದೆ, ಇಗ್ನಿಷನ್ ಮಾತ್ರ ಆನ್ ಮಾಡಿ ಲೈವ್ ಡೇಟಾ ನೋಡಿದೆ. ಉಳಿದ ಟೆಂಪರೇಚರ್ ಸೆನ್ಸರ್‌ಗಳೆಲ್ಲ ಹೊರಗಿನ ಗಾಳಿಯ ಉಷ್ಣತೆಯನ್ನೇ ತೋರಿಸುತ್ತಿದ್ದವು. ಟರ್ಬೊಗೆ ಮೊದಲಿರುವುದು ಮಾತ್ರ 900 ಡಿಗ್ರಿ ದಾಟಿ ಅಲ್ಲಾಡದೆ ಕೂತಿತ್ತು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಇದು ಪಿಟಿ200 ಮಾದರಿ (ಬಿಸಿಯಾದಂತೆ ರೋಧ ಹೆಚ್ಚುವ ಪ್ಲಾಟಿನಂ ಸೆನ್ಸರ್), 25 ಡಿಗ್ರಿಯಲ್ಲಿ ಸುಮಾರು 220 ಓಮ್ ಬರಬೇಕು. ಬಂದದ್ದು ಪೂರ್ತಿ ಓಪನ್, ಅಂದರೆ ಒಳಗೆ ಸರ್ಕ್ಯೂಟೇ ತುಂಡಾಗಿತ್ತು. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆಯಿಂದ 5 ವೋಲ್ಟ್ ಬರುತ್ತಿತ್ತು, ಗ್ರೌಂಡ್ ಕೂಡ ಸರಿಯಿತ್ತು. ಹಾಗಾಗಿ ದೋಷ ಸೆನ್ಸರಿನದೇ.

ಹೊಸದರ ಥ್ರೆಡ್‌ಗೆ ಆಂಟಿ-ಸೀಜ್ ಸವರಿ, ತುದಿಗೆ ತಾಗದಂತೆ ಕೂರಿಸಿದೆ. ಕೋಡ್ ಅಳಿಸಿದ ಮೇಲೆ ಹೆದ್ದಾರಿಯಲ್ಲಿ ರೀಜನರೇಷನ್ (ಡಿಪಿಎಫ್ ಮಸಿ ಸುಡುವುದು) ತಾನಾಗಿ ಶುರುವಾಯಿತು.