ಮಳೆ ಅಳೆಯಲು ಒಂದು ಖಾಲಿ ಬಾಟಲಿ ಸಾಕು

ಶಿಕ್ಷಕ ಮಿತ್ರರೇ, ಆರಿದ್ರಾ ಮಳೆ ಹಿಡಿಯುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ.

2 ಲೀಟರಿನ ತಂಪು ಪಾನೀಯದ ಬಾಟಲಿಯನ್ನು ಕತ್ತು ಕಿರಿದಾಗುವ ಕಡೆ ಕತ್ತರಿಸಿ (ಈ ಕೆಲಸ ನಿಮ್ಮದು, ಮಕ್ಕಳಿಗೆ ಬಿಡಬೇಡಿ). ಆ ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿದರೆ ನೀರು ಆವಿಯಾಗುವುದು ಕಡಿಮೆ. ಎಲ್ಲರೂ ಎಡವುವುದು ತಳದಲ್ಲಿ. ಅದು ಉಬ್ಬುತಗ್ಗು, ನೇರವಾಗಿ ಅಳೆದರೆ ಲೆಕ್ಕ ತಪ್ಪುತ್ತದೆ. ನಾನೂ ಮೊದಲ ವರ್ಷ ಹಾಗೇ ಮಾಡಿ, ಒಂದು ತಿಂಗಳ ದಾಖಲೆ ಹಾಳು ಮಾಡಿಕೊಂಡೆ! ತಳಕ್ಕೆ ನಾಲ್ಕು ಹಿಡಿ ಜಲ್ಲಿ ಹಾಕಿ, ಅದು ಮುಳುಗಿ ಬಾಟಲಿಯ ನೇರ ಭಾಗ ಮುಟ್ಟುವಷ್ಟು ನೀರು ಸುರಿದು, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ.

ಮರ, ಸೂರಿನಿಂದ ದೂರ ಇಡಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಓದಿ, ಸೊನ್ನೆ ಗೆರೆಯವರೆಗೆ ಉಳಿಸಿ ಮಿಕ್ಕ ನೀರು ಚೆಲ್ಲಿ.

ನಿಜವಾದ ಪಾಠ ಇರುವುದು ಆಮೇಲೆ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಶಾಲೆಯ ಚಾವಣಿಯನ್ನು ಮಕ್ಕಳಿಂದಲೇ ಅಳೆಸಿ. 10 ಮೀಟರ್ ಉದ್ದ, 8 ಮೀಟರ್ ಅಗಲವಿದ್ದರೆ 10 ಮಿ.ಮೀ. ಮಳೆಗೆ 800 ಲೀಟರ್. 'ಸಾರ್, ಇಷ್ಟೆಲ್ಲಾ ಚರಂಡಿಗಾ?' ಅಂತ ಅವರೇ ಕೇಳುತ್ತಾರೆ, ನೀವು ಮಳೆಕೊಯ್ಲಿನ ಭಾಷಣ ಮಾಡಬೇಕಿಲ್ಲ.

ಗೋಡೆಯ ಪಟ್ಟಿಯಲ್ಲಿ ಮಿ.ಮೀ. ಪಕ್ಕ ನಕ್ಷತ್ರದ ಹೆಸರಿಗೂ ಒಂದು ಅಂಕಣ ಇರಲಿ. ಅಜ್ಜಿ 'ಒಳ್ಳೆ ಹದ ಮಳೆ' ಅಂದ ದಿನ ಬಾಟಲಿ ಎಷ್ಟು ತೋರಿಸಿತು ಅಂತ ಹೋಲಿಸುವುದು ಮಕ್ಕಳಿಗೆ ಬಲು ಖುಷಿ. ಭಾನುವಾರದ ಓದಿಗೆ ಶಾಲೆ ಹತ್ತಿರದ ಮನೆಯ ಮಗುವನ್ನು ಒಪ್ಪಿಸಿಬಿಡಿ.